ಅರಿಶಿನದ ಎಳೆಯ ಒಂಬತ್ತು ಮುಚ್ಚಳಗಳು

ಮೊನ್ನೆ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಯಾವನೋ ಒಬ್ಬ ತನ್ನ ಮನೆಯ ಶೆಡ್ಡಿನಲ್ಲಿ ಕೂತು ಕಾರಿನ ಡ್ಯಾಶ್‌ಬೋರ್ಡಿಗೆ ಕಾರ್ಬನ್ ಫೈಬರ್ ಬಟ್ಟೆ ಹೊದಿಸುತ್ತಿದ್ದಾನೆ. ಕೈಗೆ ಗವಸಿಲ್ಲ, ಮೂಗಿಗೆ ಬಟ್ಟೆಯಿಲ್ಲ, ಹಿಂದೆ ಜೋರಾಗಿ ಹಾಡು ಬೇರೆ. ಎಡಗಡೆ ಸೀಟಿನ ಎದುರಿಗೆ, ಒಳಗೆ ಏರ್‌ಬ್ಯಾಗ್ ಮಡಚಿಟ್ಟಿರುವ ಮುಚ್ಚಳ ಇರುತ್ತದಲ್ಲ, ಅದನ್ನೂ ಬಿಡದೆ ಹೊದಿಸಿದ. ಪಾಲಿಶ್ ಹೊಡೆದ. ಹೆಬ್ಬೆರಳು ಎತ್ತಿ ತೋರಿಸಿದ. ಕೆಳಗೆ ಸಾಲುಸಾಲಾಗಿ ಶಹಬ್ಬಾಸ್‌ಗಿರಿ. ನಾನು ಫೋನನ್ನು ಮಂಚದ ಮೇಲೆ ಎಸೆದೆ.

"ಯಾರ್ ಮೇಲೆ ಇಂಗ್ ಆರಾಡ್ತಿದ್ದೀರಿ?" ಅಂದಳು ಹೆಂಡತಿ.

"ಒಬ್ಬ ದಡ್ಡನ ಮೇಲೆ" ಅಂದೆ. ಯಾವ ದಡ್ಡ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತು.

ನನ್ನ ಹೆಸರು ಕೆಂಪಣ್ಣ. ಊರು ಪಾಂಡವಪುರ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಲವತ್ತು ವರ್ಷ ಫೈಬರ್ ಕೆಲಸ ಮಾಡಿ, ಈಗ ಬಿಟ್ಟು ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾಲ್ಕು ಮಾತು ಹೇಳಬೇಕೆಂದು ಬರೆಯಲು ಕೂತಿದ್ದೇನೆ. ಸಿಹಿಯಾಗಿ ಬರೆಯಲು ನನ್ನಿಂದಾಗದು. ಸಿಹಿ ಬೇಕಾದವರು ಬೆಲ್ಲ ತಿನ್ನಲಿ, ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ.

ಬೆಲ್ಲದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಕೈ ಪಳಗಿದ್ದು ಅಲ್ಲಿ. ಅಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, "ಇಳಿಸ್ರಲಾ" ಎಂದರೆ ಇಳಿಸಬೇಕು. ಅಪ್ಪನ ಬೆರಳಿಗಿಂತ ದೊಡ್ಡ ಅಳತೆ ಅಲ್ಲಿರಲಿಲ್ಲ. ಪ್ರತಿ ವರ್ಷ ಗಾಣ ಹೂಡುವ ದಿನ ಅವ್ವ ಹತ್ತಿಯ ದಾರಕ್ಕೆ ಅರಿಶಿನ ಬಳಿದು ಗಾಣಕ್ಕೆ ಕಟ್ಟುತ್ತಿದ್ದಳು. ಕಟ್ಟದೆ ಒಂದು ಜಲ್ಲೆಯನ್ನೂ ಗಾಣಕ್ಕೆ ಕೊಡುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿಗೆ ಸೇರಿದೆ. ಅಲ್ಲಿ ಗುರುಸಿದ್ದಪ್ಪ ಮೇಸ್ತ್ರಿ ಎಂಬಾತ ಗಾಜಿನ ನಾರಿನ ಚಾಪೆಗೆ ರೆಸಿನ್ ಎಂಬ ಅಂಟು ಬಳಿದು ಡ್ರೈವರ್ ಮುಂದಿನ ಪ್ಯಾನೆಲ್ ಮಾಡುತ್ತಿದ್ದರು. ಆ ನಾರು ಚರ್ಮಕ್ಕೆ ಹೊಕ್ಕರೆ ಮೂರು ದಿನ ನವೆ. ಹೊಸಬರಿಗೆ ಅದನ್ನು ಹೇಳುತ್ತಿರಲಿಲ್ಲ. ಕೆರೆದುಕೊಂಡು ಕುಣಿಯುವುದನ್ನು ನೋಡಿ ನಗುತ್ತಿದ್ದರು. ಇಂಥ ಮೇಸ್ತ್ರಿಗಳನ್ನು ಈಗ ಎಲ್ಲರೂ "ಗುರುಗಳು" ಎಂದು ಹೊಗಳಿ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಕೆಲಸ ಕಲಿಸಿದರು, ನಿಜ. ಬೈದು, ಬಡಿದು, ಅರ್ಧ ಮುಚ್ಚಿಟ್ಟು ಕಲಿಸಿದರು. ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಎಷ್ಟು ಹಾಕಬೇಕು ಎಂದು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ.

"ಚಳಿ ಇದ್ರೆ ಇನ್ನೆಲ್ಡ್ ಹನಿ ಬುಡು. ಬಿಸ್ಲಿದ್ರೆ ಎಲ್ಡ್ ಹನಿ ಕಮ್ಮಿ. ಅಳ್ತೆ ಕೇಳೋನು ಸೊಸೈಟಿಲಿ ಸೀಮೆಎಣ್ಣೆ ಅಳ್ಯಾಕೋಗ್ಲಿ."

ನಾನು ಪಾಕ ನೋಡುವವನ ಮಗ. ನನಗೆ ಅದು ಸರಿಯೆನಿಸಿತು. ಬೆರಳು, ಕಣ್ಣು, ಅಂದಾಜು. ಬೇಗ ಕಲಿತೆ. ಮಾಡಿದ ಪ್ರತಿ ಪ್ಯಾನೆಲ್ಲಿನ ಮೂಲೆಯಲ್ಲಿ, ಕೊನೆಯ ಅಂಟಿನ ಪದರದ ಕೆಳಗೆ, ಬೆರಳುದ್ದದ ಒಂದು ಅರಿಶಿನದ ಎಳೆ ಇಡುವುದನ್ನು ರೂಢಿ ಮಾಡಿಕೊಂಡೆ. ಅದು ಅವ್ವನ ಲೆಕ್ಕ, ನನ್ನ ರುಜು. ಮೇಸ್ತ್ರಿ ನೋಡಿ, "ಇದೇನ್ಲಾ, ಬಸ್ಸಿಗೆ ತಾಳಿ ಕಟ್ತಿದ್ದೀಯಾ?" ಎಂದು ಎಲ್ಲರೆದುರು ನಗಾಡಿದರು. ನಾನು ಇಡುವುದನ್ನು ಬಿಡಲಿಲ್ಲ.

ಕಾರ್ಬನ್ ನನ್ನ ಕೈಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ. ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದಲ್ಲಿ ಶಿವರಾಜು ಎಂಬವರು ಕಾರು ಅಲಂಕಾರದ ಅಂಗಡಿ ಇಟ್ಟಿದ್ದರು. ಅದರ ಹಿಂದಿನ ಕೋಣೆಯಲ್ಲಿ ಸೀಟ್ ಕವರ್ ಹೊಲಿಯುವ ಇಲಿಯಾಸ್ ಇದ್ದ. ಪಕ್ಕದ ಗಂಜಾಮಿನವನು, ನನ್ನ ಓರಗೆಯವನು, ಬಾಯಿ ಬಿಟ್ಟರೆ ಚೇಷ್ಟೆ. ನನ್ನನ್ನು ಶಿವರಾಜು ಬಳಿ ಕರೆದುಕೊಂಡು ಹೋದವನು ಅವನೇ. ಶಿವರಾಜು ಬೆಂಗಳೂರಿಂದ ಒಂದು ಸುತ್ತು ಕಪ್ಪು ಬಟ್ಟೆ ತರಿಸಿಟ್ಟಿದ್ದರು. ಸಣ್ಣ ಚಾಪೆ ಹೆಣೆದ ಹಾಗೆ, ಬೆಳಕಿಗೆ ಹಿಡಿದರೆ ಹಾವಿನ ಮೈ ಹಾಗೆ ಹೊಳೆಯುವ ಬಟ್ಟೆ. "ಇದನ್ನ ಕಾರೊಳಗೆ ಕೂರಿಸ್ಬೇಕು ಕೆಂಪಣ್ಣ. ಬಾಗಿಲಿಗೆ, ಗೇರಿನ ಸುತ್ತ, ಡ್ಯಾಶ್‌ಬೋರ್ಡಿಗೆ. ಆಯ್ತದಾ?" ಅಂದರು. ಆಗುತ್ತದೆ ಅಂದೆ. ಆಗುವುದಿಲ್ಲ ಎಂಬ ಮಾತು ಆಗ ನನ್ನ ಬಾಯಲ್ಲೇ ಇರಲಿಲ್ಲ.

ಮನೆ ಹಿಂದಿನ ಕೊಟ್ಟಿಗೆಯಿಂದ ಹಸುಗಳನ್ನು ಆಚೆ ಕಟ್ಟಿ, ಪ್ಲಾಸ್ಟಿಕ್ ಶೀಟಿನಿಂದ ಒಂದು ಕೋಣೆ ಮಾಡಿದೆ. ಬಟ್ಟೆಗೆ ಸುಮ್ಮನೆ ಕತ್ತರಿ ಹಾಕಿದರೆ ಅಂಚು ಬಿಚ್ಚಿಕೊಂಡು ಜಡೆಯ ತುದಿಯಂತಾಗುತ್ತದೆ. ಮೊದಲು ಟೇಪು ಅಂಟಿಸಿ, ಟೇಪಿನ ಮೇಲೇ ಕತ್ತರಿಸಬೇಕು. ಕಾರಿನ ಹಳೆ ಪ್ಲಾಸ್ಟಿಕ್ ಪ್ಯಾನೆಲ್ಲನ್ನು ಉಪ್ಪುಕಾಗದದಲ್ಲಿ ತಿಕ್ಕಿ ಒರಟು ಮಾಡಬೇಕು. ಕಪ್ಪು ಬಣ್ಣ ಬೆರೆಸಿದ ಅಂಟು ಬಳಿದು, ಅದು ಮುಟ್ಟಿದರೆ ಅಂಟಬೇಕು, ಬೆರಳಿಗೆ ಬರಬಾರದು, ಆ ಹದಕ್ಕೆ ಬಂದಾಗ ಬಟ್ಟೆ ಕೂರಿಸಬೇಕು. ಎಳೆದರೆ ಹೆಣಿಗೆ ಸೊಟ್ಟಗಾಗುತ್ತದೆ. ಒಂದು ಸಲ ಸೊಟ್ಟಗಾದದ್ದು ಏನು ಮಾಡಿದರೂ ನೆಟ್ಟಗಾಗದು. ಆಮೇಲೆ ಅಂಟು, ತಿಕ್ಕು, ಅಂಟು, ತಿಕ್ಕು. ನೀರಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಯ ಗೆರೆ ಸವೆದು ಹೋಗುತ್ತದೆ. ಆಧಾರ್ ಕೇಂದ್ರದ ಹುಡುಗಿ ನನ್ನ ಬೆರಳನ್ನು ಏಳು ಸಲ ಒತ್ತಿಸಿ, "ತಾತ, ನಿಮ್ಗೆ ಗೆರೇನೇ ಇಲ್ವಲ್ಲ" ಅಂದಳು.

ಗುಳ್ಳೆ ಏಳದಂತೆ ಗಾಳಿ ಹೀರುವ ಪಂಪು ಬೇಕಿತ್ತು. ಹಳೆ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ, ಹೀರುವ ನಳಿಕೆಗೆ ಪೈಪು ಸಿಕ್ಕಿಸಿ ಮಾಡಿಕೊಂಡೆ. ಕಾಯಿಸುವ ಒಲೆ ಬೇಕಿತ್ತು. ಹೆಂಡತಿಯ ತವರಿನವರು ಕೊಟ್ಟ ಕಬ್ಬಿಣದ ಬೀರು ಇತ್ತು. ಒಳಗೆ ಆರು ದೊಡ್ಡ ಬಲ್ಬು ಹಾಕಿದೆ. ಸೀರೆಗಳನ್ನು ಹಗ್ಗದ ಮೇಲೆ ಕಂಡ ದಿನ ಅವಳು ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಈಗ ನನ್ನ ಮೊದಲ ತಪ್ಪು. ಇದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಿ.

ಮೊದಲ ಪೂರ್ತಿ ಸೆಟ್ ಮಾಡಿದ್ದು ಯೋಗೇಶನ ಕಾರಿಗೆ. ಕೆ.ಆರ್. ಪೇಟೆ ತಾಲ್ಲೂಕು, ಮಾಕವಳ್ಳಿ ಕಡೆಯವನು. ಸ್ವಂತ ಹಸುಗಳಿದ್ದವು, ಜೊತೆಗೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರು. ಮದುವೆಯಾದ ಹೊಸದರಲ್ಲಿ ಕಾರು ಕೊಂಡಿದ್ದ. ನಾಲ್ಕು ಬಾಗಿಲಿನ ಪ್ಯಾನೆಲ್ಲು, ಗೇರಿನ ಸುತ್ತಿನ ಪಟ್ಟಿ. ಅದು ಪುಷ್ಯ ಮಾಸ, ಚಳಿ. ಹೊಸ ರೆಸಿನ್ನು ಬೇಗ ಗಟ್ಟಿಯಾಗಲಿಲ್ಲ. ನಾನು ಮೇಸ್ತ್ರಿಯ ಶಿಷ್ಯ, ಪಾಕದವನ ಮಗ, ಏನು ಮಾಡಿದೆ? ಇನ್ನೆರಡು ಹನಿ ಬಿಟ್ಟೆ. ಎರಡು ಹನಿಯೇನು, ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಸಲ ಬಿಟ್ಟೆ. ಮೇಲ್ನೋಟಕ್ಕೆ ಗಟ್ಟಿಯಾದಂತೆ ಕಂಡಿತು. ಕಾರಿಗೆ ಹಾಕಿ ಕಳಿಸಿದೆ.

ಬೇಸಗೆಯಲ್ಲಿ ಯೋಗೇಶ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನ ಪಕ್ಕ ಕಾರು ನಿಲ್ಲಿಸಿ, ಬಾಗಿಲ ಮೇಲೆ ಮೊಣಕೈ ಊರಿ ನಿದ್ದೆ ಹೋಗಿದ್ದಾನೆ. ಎದ್ದರೆ ಕೈ ಬರುತ್ತಿಲ್ಲ. ಎಳೆದಾಗ ರೋಮವೆಲ್ಲ ಪ್ಯಾನೆಲ್ಲಿಗೇ ಉಳಿದಿದೆ. ನೆಟ್ಟಗೆ ನನ್ನ ಮನೆಗೆ ಬಂದು ಕೈ ಚಾಚಿ ತೋರಿಸಿದ.

"ಏನ್ ಕೆಂಪಣ್ಣ, ಕಾರ್ಬನ್ ಅಂದೆ, ಆಲೆಮನೆ ಬೆಲ್ಲ ಬಳ್ದಿದ್ದೀಯಾ? ನೊಣ ಬೇರೆ ಮುತ್ಕತಾವೆ ಕಣಣ್ಣ!"

ಇಲಿಯಾಸ್ ಅಲ್ಲೇ ಇದ್ದ. "ರೋಮ ತೆಗೆಯೋಕೆ ಪೇಟೇಲಿ ಹೆಣ್ಮಕ್ಳು ಕಾಸು ಕೊಡ್ತಾರೆ ಯೋಗೇಶಣ್ಣ, ನಿಂಗೆ ಫ್ರೀ ಆಯ್ತಲ್ಲ" ಅಂದ. ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನ ರೆಸಿನ್ನೇ ಬೇರೆ, ಕಾರ್ಬನ್ನಿಗೆ ಹಾಕುವ ರೆಸಿನ್ನೇ ಬೇರೆ. ಮೊದಲನೆಯದರಲ್ಲಿ ಹಾರ್ಡ್‌ನರ್ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ. ಎರಡನೆಯದರಲ್ಲಿ ಡಬ್ಬಿಯ ಮೇಲೆ ಬರೆದ ತೂಕಕ್ಕೆ ಸರಿಯಾಗಿ ಹಾಕಬೇಕು. ಹೆಚ್ಚಾದದ್ದು ಸೇರಿಕೊಳ್ಳದೆ ಹಾಗೇ ಉಳಿದು, ಬಿಸಿಲಿಗೆ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ಬರೆದಿತ್ತು. ನಾನು ಓದಿರಲಿಲ್ಲ. ಓದಲು ಬಾರದೆ ಅಲ್ಲ. ಕೂಡಿಸಿಕೊಂಡು ಓದಿದರೆ ಇಂಗ್ಲಿಷ್ ಅಕ್ಷರ ನನಗೂ ಬರುತ್ತದೆ. ಓದುವುದು ಅವಮಾನ ಎಂದುಕೊಂಡಿದ್ದೆ.

ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ತಕ್ಕಡಿ ತಂದೆ. ಎಲ್ಲವನ್ನೂ ಕೆರೆದು ಮತ್ತೆ ಮಾಡಿಕೊಟ್ಟೆ. ಆ ಸೆಟ್ಟಿಗೆ ಇವತ್ತಿಗೂ ಒಂದು ಗೀರಿಲ್ಲ. ಆಮೇಲಿಂದ ಯೋಗೇಶ ಹೋದಲ್ಲೆಲ್ಲ ನನ್ನ ಹೆಸರು ಹೇಳತೊಡಗಿದ. ನಾಗಮಂಗಲ, ಬೆಳ್ಳೂರು, ಹೊಸಹೊಳಲು, ಎಲ್ಲ ಕಡೆಯಿಂದ ಜನ ಬಂದರು.

ಶಿವರಾಜು ಕತೆಯನ್ನೂ ಹೇಳಬೇಕು, ಅವರನ್ನು ನೆನೆದರೆ ಹೊಟ್ಟೆ ಉರಿದರೂ. ನಾನು ಹದಿನೈದು ದಿನ ತಿಕ್ಕಿ ಮಾಡಿದ್ದನ್ನು ಗಿರಾಕಿಗೆ "ಜರ್ಮನಿ ಮಾಲು" ಎನ್ನುತ್ತಿದ್ದರು. ಪಾಂಡವಪುರದ ಕೊಟ್ಟಿಗೆಯದು ಎಂದರೆ ಅವರ ಮರ್ಯಾದೆ ಹೋಗುತ್ತಿತ್ತೇನೋ. ಆಮೇಲೆ ಕಾರ್ಬನ್ ಹೆಣಿಗೆಯ ಚಿತ್ರ ಅಚ್ಚಾದ ಸ್ಟಿಕ್ಕರ್ ಬಂತು. ಅದನ್ನು ಅಂಟಿಸಿ, ಅಸಲಿ ಕಾರ್ಬನ್ ಎಂದು ಅಂಗಡಿ ಮುಂದೆ ಬೋರ್ಡು ಹಾಕಿ ಮಾರತೊಡಗಿದರು. ಒಂದು ದಿನ ಗಿರಾಕಿಯ ಎದುರಿಗೇ ಉಗುರಿಂದ ಸ್ಟಿಕ್ಕರಿನ ಅಂಚು ಎಬ್ಬಿಸಿ ಚರ್‌ ಎಂದು ಕಿತ್ತು ತೋರಿಸಿದೆ.

"ನಿಂಗೆ ತಲೆ ನೆಟ್ಟಗೈತಾ ಕೆಂಪಣ್ಣ?" ಅಂದರು.

"ನೆಟ್ಟಗೈತೆ ಯಜಮಾನ್ರೆ. ಸೊಟ್ಟಗಿರೋದು ಬೋರ್ಡು" ಅಂದೆ. ಆದರೂ ನನ್ನನ್ನು ಬಿಡಿಸಲಿಲ್ಲ, ಈ ಕೆಲಸಕ್ಕೆ ಅವರಿಗೆ ಬೇರೆ ಕೈ ಇರಲಿಲ್ಲ.

ಇಷ್ಟು ನೇರ ಇದ್ದವನು ನಾನು. ಮೋಸ ಎಂದರೆ ಸ್ಟಿಕ್ಕರ್ ಎಂದುಕೊಂಡಿದ್ದೆ. ಅಸಲಿ ಮಾಲಿನಲ್ಲಿ, ಅಸಲಿ ಕೆಲಸದಲ್ಲಿ ಕೇಡಿರುತ್ತದೆ ಎಂದು ತಿಳಿದಿರಲಿಲ್ಲ. ತಿಳಿದಿರಲಿಲ್ಲ ಎಂದು ಬರೆದೆ. ಅದು ಸುಳ್ಳು. ಒಬ್ಬ ಹೇಳಿದ್ದ, ನಾನು ಕೇಳಲಿಲ್ಲ.

ಯೋಗೇಶ ಹೊಸ ಕಾರು ಕೊಂಡ. ಹೆಂಡತಿ ಸವಿತಳನ್ನೂ ಕರೆದುಕೊಂಡು ಅಂಗಡಿಗೆ ಬಂದ. ಈ ಸಲ ಡ್ಯಾಶ್‌ಬೋರ್ಡು ಪೂರ್ತಿ ಬೇಕು, ಎಡದಿಂದ ಬಲದವರೆಗೆ. ನಾನು ಬಟ್ಟೆ ಹಾಸಿ ನೋಡಿದೆ. ಎಡಗಡೆ ಮಧ್ಯದಲ್ಲಿ ಏರ್‌ಬ್ಯಾಗಿನ ಮುಚ್ಚಳ. ಅದನ್ನು ಬಿಟ್ಟರೆ ಹೆಣಿಗೆ ಅಲ್ಲಿಗೆ ತುಂಡಾಗುತ್ತದೆ. ಅದನ್ನೂ ಸೇರಿಸಿ ಒಂದೇ ಬಟ್ಟೆ ಹೊದಿಸಿದರೆ ಗೆರೆ ತುದಿಯಿಂದ ತುದಿಗೆ ಹರಿಯುತ್ತದೆ, ಕಾವೇರಿ ಹರಿದ ಹಾಗೆ. ನನ್ನ ಕೈಗೆ ಆಸೆ ಹತ್ತಿತು.

ಇಲಿಯಾಸ್ ಸೂಜಿ ಬಾಯಲ್ಲಿ ಕಚ್ಚಿಕೊಂಡು ನೋಡುತ್ತಿದ್ದವನು ಸೂಜಿ ತೆಗೆದ.

"ಕೆಂಪಣ್ಣ, ಅದೊಂದು ಬಿಡು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ನಾನು ಆ ಕಡೆ ಗಟ್ಟಿ ಹೊಲಿಗೆ ಹಾಕಲ್ಲ. ಪಟ್ ಅಂತ ಬಿಟ್ಕೊಳ್ಳೋ ಸಣ್ಣ ದಾರ ಹಾಕ್ತೀನಿ. ಕಂಪ್ನಿಯೋರೇ ಕಲಿಸಿದ್ದು. ನೀನು ಕಲ್ಲು ಕೂರಿಸ್ತಾ ಇದ್ದೀಯ ಅದರ ಮೇಲೆ."

"ನಿನ್ ದರ್ಜಿ ಕೆಲ್ಸನ ನನ್ ಕೆಲ್ಸಕ್ಕೆ ತರ್ಬೇಡ ಕಣಯ್ಯ" ಅಂದೆ.

"ಅರೆ, ದರ್ಜಿನೇ ನಾನು. ಹೊಲಿಗೆ ಯಾವಾಗ ಬಿಚ್ಚಬೇಕು ಅಂತ ದರ್ಜಿಗಲ್ದೆ ಇನ್ಯಾರಿಗೆ ಗೊತ್ತು?"

ಶಿವರಾಜು ಗಲ್ಲಾದಿಂದಲೇ ಕೂಗಿದರು: "ಮುಚ್ಚು ಕೆಂಪಣ್ಣ, ಗಿರಾಕಿ ಕೇಳ್ತಾವ್ರೆ. ಯಾರೂ ಡಿಕ್ಕಿ ಹೊಡ್ಯಾಕೆ ಅಂತ ಕಾರ್ ತಗಳಲ್ಲ."

ಮುಚ್ಚಳದ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು. ಬಟ್ಟೆ ಸಮನಾಗಿ ಕೂರಲು ಅವು ಅಡ್ಡ. ಒರಟು ಕಾಗದ ತೆಗೆದುಕೊಂಡು ತಿಕ್ಕಿದೆ. ಹಟಮಾರಿ ಅಕ್ಷರಗಳು, ಅರ್ಧ ಗಂಟೆ ಹಿಡಿದವು. ಅವು ಹೋಗುವವರೆಗೂ ತಿಕ್ಕಿದೆ. ಮುಚ್ಚಳದ ಸುತ್ತಲಿನ ಸಂದಿಯನ್ನು ಪುಟ್ಟಿ ಮೆತ್ತಿ ಮುಚ್ಚಿದೆ. ಮೇಲೆ ಬಟ್ಟೆ, ಅಂಟು, ನಾಲ್ಕು ಪದರ. ಮೂಲೆಯಲ್ಲಿ ಅರಿಶಿನದ ಎಳೆ. ಮುಗಿದಾಗ ಸವಿತ ಅದರ ಮೇಲೆ ಅಂಗೈ ಆಡಿಸಿ, "ಕನ್ನಡಿ ಇದ್ದಂಗೈತೆ ಕಣಣ್ಣ" ಅಂದಳು. ಆ ದಿನ ಊಟ ರುಚಿಸಿತು. ಎರಡು ವರ್ಷದಲ್ಲಿ ಅಂಥವು ಒಟ್ಟು ಒಂಬತ್ತು ಮಾಡಿದೆ.

ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಟ್ರಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಆಚೀಚೆ ಚಾಚಿದ ಕಬ್ಬು, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಸಂಜೆ ಮಬ್ಬಿನಲ್ಲಿ ನಿಂತಿದ್ದ ಅಂಥ ಟ್ರೇಲರಿಗೆ ಯೋಗೇಶ ಹಿಂದಿನಿಂದ ಗುದ್ದಿದ. ಅವನ ಮುಂದಿನ ಏರ್‌ಬ್ಯಾಗಿನ ಚೀಲ ಸ್ಟೇರಿಂಗಿನಿಂದ ಸರಿಯಾಗಿ ಉಬ್ಬಿತು, ಎದೆ ನೋವು ಬಿಟ್ಟರೆ ಏನೂ ಆಗಲಿಲ್ಲ. ಎಡಗಡೆ ಕೂತಿದ್ದ ಸವಿತಳ ಮುಂದಿನ ಚೀಲಕ್ಕೆ ಮುಚ್ಚಳ ತೆರೆಯಲಾಗಲಿಲ್ಲ. ಸಂದಿ ಇರಲಿಲ್ಲವಲ್ಲ. ಅದು ಇಡೀ ಪ್ಯಾನೆಲ್ಲನ್ನೇ ಒಡೆದು ತೂರಿತು. ಒಂದು ಚೂರು ಅವಳ ಎಡ ಕೆನ್ನೆ ಸೀಳಿ ಕಣ್ಣಿಗೆ ಹೊಡೆಯಿತು. ಆ ಕಣ್ಣು ಉಳಿಯಲಿಲ್ಲ.

ಕೆ.ಆರ್. ಪೇಟೆಯ ಗ್ಯಾರೇಜಿನ ಅಂಗಳದಲ್ಲಿ ಕಾರು ತಂದು ನಿಲ್ಲಿಸಿದ್ದರು. ನಾನೂ ಹೋದೆ. ಶಿವರಾಜು ನನಗಿಂತ ಮೊದಲೇ ಬಂದು ಯೋಗೇಶನಿಗೆ ಹೇಳುತ್ತಿದ್ದರು: "ಇದು ನಮ್ ಅಂಗ್ಡಿ ಮಾಲಲ್ಲ ಕಣಪ್ಪ. ನೀನು ಬೇರೆ ಎಲ್ಲೋ ಮಾಡ್ಸಿರ್ಬೇಕು. ನಮ್ದಾಗಿದ್ರೆ ಇಂಗ್ ಒಡೀತಿರ್ಲಿಲ್ಲ."

ಒಡೆದ ಚೂರುಗಳು ಕಾರಿನ ನೆಲದ ಮೇಲೆ ಬಿದ್ದಿದ್ದವು. ಬಗ್ಗಿ ಹುಡುಕಿದೆ. ಮೂಲೆಯ ಚೂರು ಸಿಕ್ಕಿತು. ಒರೆಸಿ ಯೋಗೇಶನ ಕೈಗೆ ಕೊಟ್ಟೆ. ಹಳದಿ ಎಳೆ ಹಾಗೇ ಇತ್ತು, ಅಲುಗಿರಲಿಲ್ಲ.

"ನಂದೇ" ಅಂದೆ. "ಇಲಿಯಾಸ್ ಬೇಡ ಅಂದಿದ್ದ. ನಾನ್ ಮಾಡ್ದೆ. ಈ ಯಜಮಾನ್ರು ಮಾಡು ಅಂದಿದ್ರು. ಪೊಲೀಸ್ ಕೇಳಿದ್ರೂ ಇದನ್ನೇ ಹೇಳ್ತೀನಿ."

ಶಿವರಾಜು ನನ್ನನ್ನು ಸುಡುವ ಹಾಗೆ ನೋಡಿ ಹೊರಟುಹೋದರು. ಯೋಗೇಶ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. ಬೈಯುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ ಮಾತು: "ಇನ್ನೆಷ್ಟು ಕಾರಲ್ಲೈತೆ ಇದು?"

"ಎಂಟು."

"ಮತ್ತೆ ಇಲ್ಲೇನ್ ನಿಂತಿದ್ದೀಯ?" ಎಂದು ಚೂರನ್ನು ನನ್ನ ಕೈಗೇ ವಾಪಸಿಟ್ಟ.

ಹೊರಡುವ ಮೊದಲು ಆಸ್ಪತ್ರೆಗೆ ಹೋದೆ. ಸವಿತ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. "ಅದ್ನೂ ಮುಚ್ಸಿ ಅಂತ ನಾನೇ ಇವ್ರನ್ನ ಕೇಳಿದ್ದು ಕಣಣ್ಣ" ಅಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜವೋ ತಿಳಿಯದು. ಕೇಳಿದ್ದು ಯಾರಾದರೂ ಆಗಿರಲಿ, ಬೇಡ ಎನ್ನಬೇಕಾದವನು ಕೆಲಸ ಬಲ್ಲವನು. ಗಿರಾಕಿ ಕೇಳಿದರು, ಯಜಮಾನರು ಹೇಳಿದರು ಎನ್ನುವವನು ಉಪ್ಪುಕಾಗದ ಕೆಳಗಿಟ್ಟು ಮನೆಗೆ ಹೋಗಲಿ.

ಯಾವ ಕಾರು ಯಾರದು ಎಂಬ ಪಟ್ಟಿ ಶಿವರಾಜು ಕೊಡಲಿಲ್ಲ. ಅಂಗಡಿಗೇ ಸೇರಿಸಲಿಲ್ಲ. ಇಲಿಯಾಸ್ ಅಲ್ಲಿನ ಕೆಲಸ ಬಿಟ್ಟು ಹೊರಬಂದ, ಮನೆಯಲ್ಲೇ ಮಿಷನ್ ಹಾಕಿಕೊಂಡ. "ಮನುಷ್ಯರ ಮುಖ ಮರೀತೀನಿ ಕೆಂಪಣ್ಣ, ನಾನು ಹೊಲಿದ ಸೀಟು ಮರೆಯಲ್ಲ" ಎಂದು ಒಂದೊಂದಾಗಿ ನೆನಪು ಮಾಡಿ ಹೇಳಿದ. ಕೆಂಪು ಅಂಚಿನ ಸೀಟು, ನಾಗಮಂಗಲದ ಕಾಂಟ್ರಾಕ್ಟರು. ಜೇನುಗೂಡಿನ ಹೊಲಿಗೆ, ಹೊಸಹೊಳಲು. ಹೀಗೆ. ಮೈಸೂರಿನ ಗುಜರಿಯಿಂದ ಆಯಾ ಕಾರಿನ ಹಳೆ ಪ್ಯಾನೆಲ್ ಹುಡುಕಿ ತಂದು, ಸ್ಕೂಟರಿಗೆ ಕಟ್ಟಿಕೊಂಡು ನಾಲ್ಕು ತಾಲ್ಲೂಕು ಅಲೆದೆ.

ಮಾಡಿದ್ದನ್ನು ಬಿಚ್ಚಿಸಿ ಎಂದು ಕೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹೊಸಹೊಳಲಿನಲ್ಲಿ ಮನೆ ಬಾಗಿಲಲ್ಲೇ ಉಗಿಸಿಕೊಂಡೆ: "ನಮ್ಗೆ ಆ್ಯಕ್ಸಿಡೆಂಟ್ ಆಗ್ಲಿ ಅಂತ ಬೆಳಗ್ಗೆ ಬೆಳಗ್ಗೆ ಬಾಯ್ಬುಟ್ಕಂಡ್ ಬಂದಿದ್ದೀಯೇನ್ಲಾ ಅಪಶಕುನ ಮುಂಡೇದೆ?" ಜಗಲಿಯ ಮೇಲೆ ಕೂತೆ. ಎಬ್ಬಿಸಿದರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಸೊಸೆ ಯೋಗೇಶನ ಕಾರಿನ ಚೂರನ್ನು ನನ್ನಿಂದ ಕೇಳಿ ತೆಗೆದುಕೊಂಡು ಒಳಗೆ ಹೋದಳು. ಅರ್ಧ ಗಂಟೆಗೆ ಕೀ ಬಂತು. ಕಾಂಟ್ರಾಕ್ಟರು, "ಬಿಚ್ಕಳಯ್ಯ, ಆದ್ರೆ ಹೊಸ ಸ್ಟಿಕ್ಕರಾದ್ರೂ ಅಂಟ್ಸು" ಅಂದರು. ಅಂಟಿಸಲಿಲ್ಲ. ಬೈಸಿಕೊಂಡು, ಕೈ ಮುಗಿದು, ಒಂದು ಕಡೆ ಕತ್ತಿನ ಪಟ್ಟಿ ಹಿಡಿಸಿಕೊಂಡು, ಏಳು ಬಿಚ್ಚಿದೆ. ಎಂಟನೆಯದರ ಯಜಮಾನ ಕಾರು ಮಾರಿದ್ದ. ಕೊಂಡವನು ಮತ್ತೊಬ್ಬನಿಗೆ ಮಾರಿದ್ದ. ಅಲ್ಲಿಗೆ ಸುಳಿವು ತಪ್ಪಿತು.

ಕೆಲಸ ಬಿಟ್ಟೆ. ಬಟ್ಟೆಯ ಸುತ್ತನ್ನು ಮೂಲೆಗೆಸೆದೆ. ಬೀರುವಿಗೆ ಸೀರೆಗಳು ವಾಪಸು ಬಂದವು. ಆ ಕೊನೆಯ ಕಾರಿನ ಗುಜರಿ ಪ್ಯಾನೆಲ್ ಮಾತ್ರ ಕೊಟ್ಟಿಗೆಯ ಗೋಡೆಗೆ ನೇತಾಡುತ್ತಿತ್ತು. ಎಲ್ಲಿ ಕಾರು ನಿಂತಿದ್ದರೂ ಗಾಜಿಗೆ ಮೂಗು ಒತ್ತಿ ಒಳಗೆ ನೋಡುವುದು ನನಗೆ ಅಭ್ಯಾಸವಾಯಿತು. ಎರಡು ಸಲ ಕಳ್ಳ ಎನ್ನಿಸಿಕೊಂಡೆ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಇಲಿಯಾಸ್ ಫೋನ್ ಮಾಡಿದ. ನೆಂಟರ ಮದುವೆಗೆ ಹೊರಟವನು ಬೆಳ್ಳೂರು ಕ್ರಾಸಿನಲ್ಲಿ ಟೀ ಕುಡಿಯಲು ಇಳಿದಿದ್ದ.

"ಕೆಂಪಣ್ಣ, ನೀಲಿ ಹೊಲಿಗೆಯ ಸೀಟು, ನಂದೇ. ನಿನ್ನ ಹಳದಿ ದಾರ ಕಾಣ್ತಾ ಇದೆ. ಬೇಗ ಬಾ."

"ಅಲ್ಲಿಗೆ ಬರಾಕೆ ಒಂದೂವರೆ ಗಂಟೆ ಬೇಕಲ್ಲಯ್ಯ! ಕಾರ್ ಓಯ್ತದಲ್ಲ!"

"ಎಲ್ಲಿಗೆ ಹೋಗ್ತದೆ? ಎರಡು ಟೈರಿನ ಗಾಳಿ ಬಿಟ್ಟಿದ್ದೀನಿ. ಸ್ಟೆಪ್ನಿ ಒಂದೇ ತಾನೇ ಇರೋದು."

ನಾನು ಹೋಗುವ ಹೊತ್ತಿಗೆ ಹೋಟೆಲಿನ ಮುಂದೆ ಗಲಾಟೆ. ಕಾರಿನವರು ನಾಗಮಂಗಲ ಕಡೆಯ ಹೈಸ್ಕೂಲ್ ಮೇಷ್ಟ್ರು. ಮಂಡಿ ನೋವಿನ ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಾಯಿ ಎಡಗಡೆ ಮುಂದಿನ ಸೀಟಿನಲ್ಲೇ ಕೂತಿದ್ದರು, ಕಾಲು ಚಾಚಿಕೊಂಡು, ಆ ಮುಚ್ಚಳದ ನೇರ ಎದುರಿಗೆ. ಮೇಷ್ಟ್ರು ಇಲಿಯಾಸನ ಅಂಗಿ ಹಿಡಿದಿದ್ದರು. ಇಲಿಯಾಸ್ ಹಿಡಿಸಿಕೊಂಡೇ ಟೀ ಹೀರುತ್ತಿದ್ದ.

"ಬಂದ್ನಲ್ಲ ಸ್ವಾಮಿ ಹಳದಿ ದಾರದ ಮಾಲೀಕ. ಇವನನ್ನ ಹಿಡ್ಕೊಳ್ಳಿ, ನನ್ನ ಬಿಡಿ" ಅಂದ.

ನಾನು ಎಲ್ಲ ಹೇಳಿದೆ. ಸವಿತಳ ಕಣ್ಣಿನವರೆಗೆ. ಚೂರು ತೋರಿಸಿದೆ. ಅದರ ಎಳೆಯನ್ನೂ ಅವರ ಕಾರಿನ ಎಳೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಮೇಷ್ಟ್ರು ಒಪ್ಪಲಿಲ್ಲ, ಇದು ಯಾವುದೋ ಹೊಸ ದಂಧೆ ಅಂದರು. ಒಳಗಿಂದ ತಾಯಿ ಮಾತಾಡಿದರು.

"ತಾನ್ ಮಾಡಿದ್ದ ತಾನೇ ಬ್ಯಾಡ ಅಂತಾವ್ನಲ್ಲಪ್ಪ, ದಂಧೆ ಮಾಡೋನು ಅಂಗಂದಾನಾ? ಬಿಚ್ಲಿ ಬುಡು. ನನ್ ಎದ್ರಿಗಲ್ವಾ ಇರೋದು?"

ಅವರನ್ನು ಇಳಿಸಿ ಬೆಂಚಿನ ಮೇಲೆ ಕೂರಿಸಿದೆವು. ಏರ್‌ಬ್ಯಾಗ್ ಇರುವ ಕಡೆ ಕೈ ಹಾಕುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಒಳಗಿನ ಕರೆಂಟು ಇಳಿಯುವವರೆಗೆ ಕಾಯಬೇಕು. ಬಲ್ಲ ಮೆಕ್ಯಾನಿಕ್ ಪಕ್ಕದಲ್ಲಿರಬೇಕು. ಆ ಏಳು ಕಾರು ಬಿಚ್ಚುವ ಮೊದಲು ನಾನು ಒಬ್ಬ ಮೆಕ್ಯಾನಿಕ್ಕಿನ ಕಾಲು ಹಿಡಿದು ಕಲಿತಿದ್ದೆ, ಆ ದಿನವೂ ಕ್ರಾಸಿನ ಒಬ್ಬನನ್ನು ಕರೆಸಿಕೊಂಡೆ. ತಂತಿ ಬಿಚ್ಚಿ, ಕಾಯಲು ಕೂತು, ಎಲ್ಲರೂ ಟೀ ಹೇಳಿದೆವು.

ಮೇಷ್ಟ್ರ ಕೋಪ ಇಳಿದಿತ್ತು. ಕಿಟಕಿಯಿಂದ ಡ್ಯಾಶ್‌ಬೋರ್ಡನ್ನೇ ನೋಡುತ್ತಾ ಅಂದರು: "ನಾನು ಈ ಕಾರ್ ತಗೊಂಡಿದ್ದೇ ಇದನ್ನ ನೋಡಿ ಕಣ್ರೀ. ಇಂಜಿನ್ನೂ ನೋಡ್ಲಿಲ್ಲ. ಒಂದು ಗೆರೆ ತಪ್ಪಿಲ್ಲ. ಯಾವುದೋ ದೇಶದಲ್ಲಿ ಮಿಷನ್ನಲ್ಲಿ ಮಾಡಿರ್ಬೇಕು ಅಂದ್ಕೊಂಡಿದ್ದೆ. ನಿಜವಾಗ್ಲೂ ನೀವೇನಾ ಮಾಡಿದ್ದು? ಕೈಯಲ್ಲೇ?"

ನಲವತ್ತು ವರ್ಷದಲ್ಲಿ ಓದಿದವರೊಬ್ಬರು ನನ್ನ ಕೆಲಸಕ್ಕೆ ಹಾಗೆ ಹೇಳಿದ್ದು ಅದೇ ಮೊದಲು. ಮೇಸ್ತ್ರಿ ಹೇಳಿರಲಿಲ್ಲ, ಶಿವರಾಜು ಹೇಳಿರಲಿಲ್ಲ. "ಹೂಂ, ಕೈಯಲ್ಲೇ" ಅಂದೆ. ಎದ್ದು ಹೋಗಿ, ಮುಚ್ಚಳದ ಅಂಚಿಗೆ ಬಟ್ಟೆ ಕೊಯ್ದು ಬಿಚ್ಚಲು ಶುರು ಮಾಡಿದೆ.

ಅದು ನಿಜಕ್ಕೂ ಒಂಬತ್ತರಲ್ಲಿ ಚೆನ್ನಾದದ್ದು. ಬಿಸಿಲಲ್ಲಿ ಹೊರತಂದಾಗ ಅಲ್ಲಿದ್ದವರೆಲ್ಲ ಬಂದು ಮುಟ್ಟಿದರು. ಷೋಕೇಸಿನಲ್ಲಿ ಇಡುತ್ತೇನೆ, ಕೊಡಿ ಎಂದರು ಮೇಷ್ಟ್ರು. ಕೊಡಲಿಲ್ಲ. ಹೋಟೆಲಿನ ಕಲ್ಲುಚಪ್ಪಡಿಯ ಮೇಲಿಟ್ಟು ಗರಗಸದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ತುಂಡು ಮಾಡಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾಡಿದೆ. ಆ ಕಪ್ಪು ದೂಳು ಒಳಗೆ ಹೋಗಬಾರದು, ಇದನ್ನೂ ನೆನಪಿಡಿ.

ಕೊಟ್ಟಿಗೆಯ ಗೋಡೆಯಿಂದ ಇಳಿಸಿಕೊಂಡು ಬಂದಿದ್ದ ಗುಜರಿ ಪ್ಯಾನೆಲ್ ಬೂದು ಬಣ್ಣದ್ದು. ಆಚೀಚೆ ಹೊಳೆಯುವ ಕಪ್ಪು, ನಡುವೆ ಆ ಬೂದು ಪ್ಲಾಸ್ಟಿಕ್ಕು. ಕೂರಿಸಿ ಮುಗಿಸಿದಾಗ ಮೇಷ್ಟ್ರು ಮುಖ ಕಿವುಚಿದರು.

"ಹಲ್ಲು ಬಿದ್ದಂಗೆ ಕಾಣುತ್ತೆ ಕಣ್ರೀ."

"ಕಾಣ್ಲಿ ಮೇಷ್ಟ್ರೆ. ಅಸಹ್ಯವಾಗೇ ಕಾಣ್ಲಿ."

ಇಲಿಯಾಸ್ ಟೈರಿಗೆ ಗಾಳಿ ಹೊಡೆಸಿಕೊಂಡು ಬಂದ. ತಾಯಿಯನ್ನು ಮತ್ತೆ ಹತ್ತಿಸಿದೆವು. ಅವರು ಕಾಲು ಸರಿ ಮಾಡಿಕೊಂಡು, ಸೆರಗು ಹೊದ್ದು, ಎದುರಿನ ಮುಚ್ಚಳದ ಮೇಲೆ ಬೆರಳಾಡಿಸಿದರು. ಉಬ್ಬಿದ ಅಕ್ಷರಗಳು ಸಿಕ್ಕವು.

"ಇಲ್ಲೇನೋ ಬರ್ದವ್ರಲ್ಲಪ್ಪ. ಏನದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲು ನಾನು ಬಗ್ಗಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಓದಿ ಹೇಳಿದೆ: "ಏರ್... ಬ್ಯಾಗ್."